ಮೌತ್ ಆರ್ಗನ್‌ನ ಸ್ಕ್ರೂ ತುಕ್ಕು ಹಿಡಿದಿದೆಯೇ? ಬಿಚ್ಚುವುದರಿಂದ ಹೊಸದು ಹಾಕುವವರೆಗೆ

ತುಕ್ಕು ಹಿಡಿದ ಸ್ಕ್ರೂನಿಂದ ಮೌತ್ ಆರ್ಗನ್ ಹಾಳಾಗುವುದು ಕಡಿಮೆ. ಅದನ್ನು ಬಿಚ್ಚಲು ಹೋಗಿ ಹಾಳು ಮಾಡಿಕೊಳ್ಳುವುದೇ ಜಾಸ್ತಿ. ತುಮಕೂರಿನಲ್ಲಿ ನನ್ನ ಕೈಗೆ ಬರುವ ವಾದ್ಯಗಳಲ್ಲಿ ಇದೇ ಮತ್ತೆ ಮತ್ತೆ ಕಾಣುತ್ತದೆ. ಯಾರೋ ಕರೆಂಟ್ ಟೆಸ್ಟರ್ ಹಾಕಿ ತಿರುಗಿಸಿ ಸ್ಕ್ರೂ ತಲೆ ಸವೆಸಿರುತ್ತಾರೆ. ಇನ್ಯಾರೋ ತೂತುಗಳೊಳಗೆ ಎಣ್ಣೆ ಸ್ಪ್ರೇ ಹೊಡೆದಿರುತ್ತಾರೆ. ಯೂಟ್ಯೂಬ್ ನೋಡಿ ಇಡೀ ವಾದ್ಯವನ್ನೇ ವಿನೆಗರ್‌ನಲ್ಲಿ ಮುಳುಗಿಸಿದವರೂ ಇದ್ದಾರೆ. ಮೂರರಲ್ಲೂ ತಪ್ಪಿದ್ದು ಕೆಲಸದ ಕ್ರಮ. ಅದಕ್ಕೇ ಇದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಒಂದು ಲೆಕ್ಕ ತಲೆಯಲ್ಲಿರಲಿ. ಸ್ಕ್ರೂ ಹೋದರೆ ಹೋಗಲಿ, ಪ್ಲೇಟ್ ಉಳಿಯಬೇಕು. ಸ್ಕ್ರೂ ಸಿಗುತ್ತದೆ. ರೀಡ್ (ಉಸಿರಿಗೆ ಅದುರಿ ಸ್ವರ ಕೊಡುವ ತೆಳು ಲೋಹದ ಪಟ್ಟಿ) ಕೂತಿರುವ ಹಿತ್ತಾಳೆ ಪ್ಲೇಟ್ ಕೆಟ್ಟರೆ ವಾದ್ಯವೇ ಹೋದಂತೆ.

## 1. ಮೊದಲು ಬಣ್ಣ ನೋಡಿ

ಬೆಳಕಿಗೆ ಹಿಡಿದು ಸ್ಕ್ರೂ ಸುತ್ತ ನೋಡಿ. ಕೆಂಪು ಕಂದು ಪುಡಿ ಇದ್ದರೆ ಅದು ಕಬ್ಬಿಣದ ತುಕ್ಕು. ಹಸಿರು ಇದ್ದರೆ ಅದು ಹಿತ್ತಾಳೆಯ ಕಿಲುಬು, ಸ್ಕ್ರೂದಲ್ಲ. ಬಿಳಿ ಪದರ ಇದ್ದರೆ ಬಹುತೇಕ ನೀರಿನ ಸುಣ್ಣ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಬೋರ್‌ವೆಲ್ ನೀರಿನಲ್ಲಿ ವಾದ್ಯ ತೊಳೆದವರಿಗೆ ಈ ಬಿಳಿ ಚೆನ್ನಾಗಿ ಗೊತ್ತು. ಬಕೆಟ್ಟಿನ ತಳದಲ್ಲಿ ಕೂರುವುದೂ ಇದೇ ಅಲ್ವಾ?

ನಮ್ಮದು ಒಣ ಸೀಮೆ, ಮಂಗಳೂರಿನ ಹಾಗೆ ಉಪ್ಪುಗಾಳಿ ಇಲ್ಲ, ಆದರೂ ಯಾಕೆ ತುಕ್ಕು ಎಂದು ಕೇಳುತ್ತಾರೆ. ಕಾರಣ ಎಂಜಲು. ಅದರಲ್ಲಿ ಉಪ್ಪಿನ ಅಂಶ ಇದೆ. ಕಬ್ಬಿಣದ ಸ್ಕ್ರೂ, ಹಿತ್ತಾಳೆ ಪ್ಲೇಟ್, ನಡುವೆ ಉಪ್ಪಿನ ತೇವ ಸೇರಿದರೆ ಅದು ಒಂದು ಪುಟ್ಟ ಬ್ಯಾಟರಿ. ಅದರಲ್ಲಿ ಸವೆಯುವುದು ಯಾವಾಗಲೂ ಕಬ್ಬಿಣವೇ. ಸುತ್ತಲಿನ ಹಿತ್ತಾಳೆ ದೊಡ್ಡದು, ಸ್ಕ್ರೂ ಚಿಕ್ಕದು, ಹಾಗಾಗಿ ಬೇಗ ಸವೆಯುತ್ತದೆ. ನುಡಿಸಿದ ತಕ್ಷಣ ಡಬ್ಬಿಗೆ ಹಾಕಿ ಮುಚ್ಚಿದರೆ ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ಮಳೆಗಾಲವೇ.

ಈ ಲಕ್ಷಣಗಳು ಕಂಡರೆ ಮಾತ್ರ ತಡ ಮಾಡಬೇಡಿ:

- ತುಟಿಗೆ ಅಥವಾ ಒರೆಸಿದ ಬಟ್ಟೆಗೆ ಕಂದು ಕಲೆ ಹತ್ತುವುದು.
- ಸ್ಕ್ರೂ ಪಕ್ಕದ ತೂತಿನ ಸ್ವರಕ್ಕೆ ಜಾಸ್ತಿ ಗಾಳಿ ಬೇಕಾಗುವುದು. ಅಲ್ಲಿ ಪ್ಲೇಟ್ ಎದ್ದು ಗಾಳಿ ಸೋರುತ್ತಿದೆ ಎಂದರ್ಥ.
- ಮೇಲಿನ ತಗಡಿನ ಹೊಳಪಿನ ಲೇಪ ಚಕ್ಕೆ ಏಳುವುದು. ಇದು ತುಟಿ ಕೊಯ್ಯುತ್ತದೆ, ಹೊಟ್ಟೆಗೂ ಹೋಗುತ್ತದೆ. ಇಂಥದ್ದನ್ನು ಸರಿಯಾಗುವವರೆಗೆ ಬಾಯಿಗೆ ಇಡಬೇಡಿ.

ಬರೀ ತಲೆಯ ಮೇಲೆ ಒಂದೆರಡು ಚುಕ್ಕೆ ತುಕ್ಕಿದ್ದು ಸ್ವರವೆಲ್ಲ ಸರಿಯಿದ್ದರೆ ಒರೆಸಿ ಬಿಡಿ. ಸುಮ್ನೆ ಬಿಚ್ಚುವುದು ಬೇಡ.

## 2. ನಿಮ್ಮದು ಯಾವ ಬಗೆ?

ಹತ್ತು ತೂತಿನ ಮೌತ್ ಆರ್ಗನ್‌ನಲ್ಲಿ ಎರಡು ಬಗೆಯ ಸ್ಕ್ರೂ ಇರುತ್ತವೆ. ಹೊರಗಿನ ತಗಡು ಹಿಡಿದಿರುವುದು ಒಂದು ಬಗೆ, ಸಾಮಾನ್ಯವಾಗಿ ಎರಡು ತುದಿಯಲ್ಲಿ ಒಂದೊಂದು. ತಗಡು ತೆಗೆದ ಮೇಲೆ ಕಾಣುವ, ರೀಡ್ ಪ್ಲೇಟನ್ನು ನಡುವಿನ ಕೋಂಬ್‌ಗೆ (ಗಾಳಿ ಹೋಗುವ ಗೂಡುಗಳಿರುವ ಚೌಕಟ್ಟು) ಬಿಗಿದಿರುವ ಸಣ್ಣ ಸ್ಕ್ರೂಗಳು ಇನ್ನೊಂದು ಬಗೆ. ಇವು ಬಹಳ ಮಾಡೆಲ್‌ಗಳಲ್ಲಿ ಮೇಲಿನ ಪ್ಲೇಟ್ ಮತ್ತು ಕೋಂಬ್ ದಾಟಿ ಕೆಳಗಿನ ಹಿತ್ತಾಳೆ ಪ್ಲೇಟಿನ ಥ್ರೆಡ್‌ಗೆ ಕೂತಿರುತ್ತವೆ. ಮುರಿದರೆ ತುಂಡು ಉಳಿಯುವುದು ಅಲ್ಲೇ.

ನಮ್ಮಲ್ಲಿ ಹಳೆ ಹಾಡು ನುಡಿಸುವವರ ಹತ್ತಿರ ಜಾಸ್ತಿ ಇರುವುದು 24 ತೂತಿನ ಟ್ರೆಮೊಲೊ, ಅಂದರೆ ಅಲೆ ಅಲೆಯ ದನಿ ಕೊಡುವ ಬಗೆ. ಇವುಗಳಲ್ಲಿ ಪ್ಲೇಟನ್ನು ಮೊಳೆ ಹೊಡೆದು ಕೂರಿಸಿರುವುದೂ ಉಂಟು. ಹೋನರ್ ಕಂಪನಿಯ ಹಳೆಯ ಮರೀನ್ ಬ್ಯಾಂಡ್ ಕೂಡ ಮೊಳೆಯದೇ. ಮೊಳೆ ಕಂಡರೆ ಪ್ಲೇಟ್ ಮುಟ್ಟಬೇಡಿ. ಹೊರಗಿನ ತಗಡಿಗೆ ಸ್ಕ್ರೂ ಇದ್ದರೆ ಅಷ್ಟನ್ನೇ ನೋಡಿಕೊಳ್ಳಿ. ಮೊಳೆ ಎಬ್ಬಿಸಿದರೆ ಪ್ಲೇಟ್ ಬಾಗುತ್ತದೆ, ಮತ್ತೆ ಮೊದಲಿನಂತೆ ಕೂರುವುದಿಲ್ಲ.

ಕೋಂಬ್ ಮರದ್ದೋ ಪ್ಲಾಸ್ಟಿಕ್ಕೋ ನೋಡಿಕೊಳ್ಳಿ. ಮುಂದಿನ ಹಂತಗಳಲ್ಲಿ ಇದು ಬೇಕಾಗುತ್ತದೆ.

## 3. ಬೇಕಾದ ಸಾಮಾನು

ಎಲ್ಲಕ್ಕಿಂತ ಮುಖ್ಯ ಸರಿಯಾದ ಸ್ಕ್ರೂಡ್ರೈವರ್. ಸ್ಟಾರ್ ತಲೆಗೆ ಪಿಎಚ್0, ಪಿಎಚ್00 ಎರಡೂ ಇಟ್ಟುಕೊಳ್ಳಿ. ಮೊಬೈಲ್ ರಿಪೇರಿಯವರು ಬಳಸುವ ಸೆಟ್‌ನಲ್ಲಿ ಇವು ಇರುತ್ತವೆ. ಒಂದೇ ಗೀರಿನ ತಲೆಯಾದರೆ ಗೀರಿನ ಪೂರ್ತಿ ಅಗಲಕ್ಕೆ ಸರಿಹೋಗುವ ಮೈನಸ್ ಡ್ರೈವರ್ ಬೇಕು. ಕೂತಿದೆಯೋ ಇಲ್ಲವೋ ತಿಳಿಯಲು ಡ್ರೈವರ್ ಇಟ್ಟು ಬೆರಳಲ್ಲಿ ಸ್ವಲ್ಪ ಅಲ್ಲಾಡಿಸಿ. ಲೊಡಲೊಡ ಎಂದರೆ ಅದು ಚಿಕ್ಕದು. ಚಿಕ್ಕ ಡ್ರೈವರ್ ಮೊದಲ ತಿರುವಿಗೇ ತಲೆ ತಿನ್ನುತ್ತದೆ. ಟೆಸ್ಟರ್, ಚಾಕು ತುದಿ, ಉಗುರು ಕತ್ತರಿ ಯಾವುದೂ ಬೇಡ.

ತುಮಕೂರಿನವರಿಗೆ ಒಂದು ಅನುಕೂಲ ಇದೆ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇದ್ದ ಊರು ಇದು. ಸಣ್ಣ ಸ್ಕ್ರೂ ಬಿಚ್ಚುವ ಕೈ ಪಳಗಿದ ವಾಚ್ ರಿಪೇರಿಯವರು ಇನ್ನೂ ಸಿಗುತ್ತಾರೆ. ನಿಮಗೆ ಧೈರ್ಯ ಸಾಲದಿದ್ದರೆ ಬಿಚ್ಚುವ ಹಂತವನ್ನು ಮಾತ್ರ ಅವರ ಕೈಲಿ ಮಾಡಿಸಿ. ರೀಡ್ ಮುಟ್ಟಬಾರದು ಎಂದು ಮೊದಲೇ ಹೇಳಿ.

ಉಳಿದಂತೆ ಬೇಕಾದವು: ಹಾರ್ಡ್‌ವೇರ್ ಅಂಗಡಿಯ ತುಕ್ಕು ಬಿಡಿಸುವ ಎಣ್ಣೆ (ಡಬ್ಲ್ಯೂಡಿ-40 ಅಥವಾ ಅಂಥದ್ದು), ಹೊಲಿಗೆ ಸೂಜಿ, ಮಾಸ್ಕಿಂಗ್ ಟೇಪ್, ಅಗಲವಾದ ರಬ್ಬರ್ ಬ್ಯಾಂಡ್, ಚಿಮಟ, ಬಿಳಿ ವಿನೆಗರ್, ಅಡುಗೆ ಸೋಡ, ಹಳೆ ಟೂತ್‌ಬ್ರಷ್, ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ತೊಳೆಯಲು ಬೋರ್ ನೀರು ಬೇಡ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಸಾಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಇನ್ನೂ ಒಳ್ಳೆಯದು.

## 4. ಎಣ್ಣೆ ಬಿಟ್ಟು ಕಾಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ತುಕ್ಕು ಎಂದರೆ ಕಬ್ಬಿಣ ಊದಿಕೊಂಡು ಥ್ರೆಡ್ ಸಂದಿಯನ್ನು ತುಂಬಿರುವುದು. ಒಣಗಿರುವಾಗಲೇ ತಿರುಗಿಸಿದರೆ ಮೊದಲು ಸೋಲುವುದು ಸ್ಕ್ರೂ ತಲೆ.

ಸ್ಪ್ರೇಯನ್ನು ವಾದ್ಯದ ಮೇಲೆ ಹೊಡೆಯಬೇಡಿ. ಒಂದು ಬಾಟಲಿ ಮುಚ್ಚಳಕ್ಕೆ ಸ್ವಲ್ಪ ಹೊಡೆದುಕೊಳ್ಳಿ. ಸೂಜಿ ತುದಿ ಅದ್ದಿ, ಒಂದು ಹನಿಯನ್ನು ಸ್ಕ್ರೂ ತಲೆಯ ಅಂಚಿಗೆ ಮುಟ್ಟಿಸಿ. ತಾನಾಗಿಯೇ ಒಳಗೆ ಇಳಿಯುತ್ತದೆ. ಸ್ಕ್ರೂನ ಇನ್ನೊಂದು ತುದಿ ಕೆಳಗೆ ಕಾಣುತ್ತಿದ್ದರೆ, ಅಥವಾ ಅಲ್ಲಿ ನಟ್ ಇದ್ದರೆ, ಅಲ್ಲಿಗೂ ಒಂದು ಹನಿ. ಥ್ರೆಡ್ ಇರುವುದು ಆ ತುದಿಯಲ್ಲೇ, ಹಾಗಾಗಿ ಕೆಳಗಿನ ಹನಿಯೇ ಹೆಚ್ಚು ಕೆಲಸ ಮಾಡುತ್ತದೆ.

ಒಂದು ರಾತ್ರಿ ಬಿಡಿ. ಬೆಳಿಗ್ಗೆ ಇನ್ನೊಂದು ಹನಿ ಕೊಟ್ಟು ಒಂದು ಗಂಟೆ ಕಾಯಿರಿ. ಆಮೇಲೆ ಡ್ರೈವರ್ ಹಿಡಿಯಿರಿ.

ಮರದ ಕೋಂಬ್ ಆದರೆ ಎಣ್ಣೆಯನ್ನು ಆದಷ್ಟು ಕಡಿಮೆ ಮಾಡಿ. ಮರ ಎಣ್ಣೆ ಕುಡಿದರೆ ವಾಸನೆ ಹೋಗುವುದೇ ಇಲ್ಲ, ಪ್ರತಿ ಉಸಿರಿಗೂ ಬಾಯಿಗೆ ಬರುತ್ತದೆ. ಈ ಎಣ್ಣೆಗಳು ಹೊಟ್ಟೆಗೆ ಹೋಗುವಂಥವಲ್ಲ. ಕೊನೆಗೆ ಸೋಪಿನಲ್ಲಿ ತೊಳೆದು ತೆಗೆಯುವವರೆಗೂ ವಾದ್ಯ ಬಾಯಿಗೆ ಬೇಡ.

ಕೊಬ್ಬರಿ ಎಣ್ಣೆ ಆಗುತ್ತದಾ? ತಿಪಟೂರು ಕಡೆಯವರು ಖಂಡಿತ ಕೇಳುವ ಪ್ರಶ್ನೆ. ಆಗುವುದಿಲ್ಲ. ಅದು ಸಂದಿಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ, ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗುತ್ತದೆ, ಹಳೆಯದಾದರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ತಲೆಗೆ ಹಚ್ಚಿಕೊಳ್ಳಿ, ಸ್ಕ್ರೂಗೆ ಬೇಡ.

## 5. ಬಿಚ್ಚುವುದು

ದಪ್ಪ ಟವೆಲ್ ಮಡಚಿ ಅದರ ಮೇಲೆ ವಾದ್ಯ ಇಡಿ. ಕೆಳಗೆ ತಗಡು ಉಬ್ಬಿರುವ ಕಡೆ ಭಾರ ಬೀಳಬಾರದು. ಸ್ಕ್ರೂ ಇರುವ ತುದಿಯ ಕೆಳಗೆ ಒಂದು ಮರದ ತುಂಡು ಕೊಟ್ಟರೆ ತಗಡು ಅಪ್ಪಚ್ಚಿಯಾಗುವುದಿಲ್ಲ.

ಡ್ರೈವರನ್ನು ನೇರ ನಿಲ್ಲಿಸಿ. ಅಂಗೈಯಿಂದ ಚೆನ್ನಾಗಿ ಒತ್ತಿ. ಬಲ ಹೋಗಬೇಕಾದದ್ದು ಒತ್ತುವುದಕ್ಕೆ, ತಿರುಗಿಸುವುದಕ್ಕೆ ಸ್ವಲ್ಪವೇ ಸಾಕು. ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ. ತುಕ್ಕಿನ ಹಿಡಿತ ಒಡೆಯುವ ಸಣ್ಣ 'ಟಿಕ್' ಸದ್ದು ಬರಬಹುದು. ಆಮೇಲೆ ಎಡಕ್ಕೆ. ಕಾಲು ಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಮತ್ತೆ ವಾಪಸ್ ಬಿಗಿಸಿ, ಮತ್ತೆ ಸಡಿಲಿಸಿ. ಹೀಗೆ ಹಿಂದೆ ಮುಂದೆ ಮಾಡಿದರೆ ತುಕ್ಕಿನ ಪುಡಿ ಸಂದಿಯಿಂದ ಸರಿಯುತ್ತದೆ. ಒಂದೇ ಸಲಕ್ಕೆ ಎಳೆಯುವವರಿಗೆ ಸ್ಕ್ರೂ ಅರ್ಧದಲ್ಲಿ ಮುರಿಯುತ್ತದೆ.

ಡ್ರೈವರ್ ಒಮ್ಮೆ ಜಾರಿದರೆ ಅದು ಎಚ್ಚರಿಕೆ. ಎರಡನೇ ಸಲ ಪ್ರಯತ್ನಿಸುವ ಮೊದಲು ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ. ಸ್ಕ್ರೂ ತಿರುಗುತ್ತಿದೆ ಆದರೆ ಮೇಲೆ ಬರುತ್ತಿಲ್ಲ ಎಂದರೆ ಕೆಳಗಿನ ನಟ್ ಜೊತೆಗೇ ತಿರುಗುತ್ತಿದೆ, ಇಲ್ಲವೇ ಥ್ರೆಡ್ ಹೋಗಿದೆ. ನಟ್ ಆದರೆ ಚಿಮಟದಿಂದ ಹಿಡಿದುಕೊಳ್ಳಿ. ಥ್ರೆಡ್ ಹೋಗಿದ್ದರೆ ತಲೆಯ ಕೆಳಗೆ ತೆಳು ಬ್ಲೇಡ್ ತೂರಿಸಿ ಮೆಲ್ಲಗೆ ಎತ್ತುತ್ತಾ ತಿರುಗಿಸಿ.

ಮೊದಲು ಹೊರಗಿನ ತಗಡು, ಆಮೇಲೆ ಪ್ಲೇಟ್. ಹತ್ತು ತೂತಿನದರಲ್ಲಿ ಕೆಳಗಿನ ತಗಡು ತೆಗೆದಾಗ ಎಳೆಯುವ ಸ್ವರದ (ಉಸಿರು ಒಳಗೆ ಎಳೆದಾಗ ಬರುವ ಸ್ವರದ) ರೀಡ್‌ಗಳು ಹೊರಗೇ ಇರುತ್ತವೆ. ಮೇಲಿನ ಪ್ಲೇಟ್‌ನವು ಒಳಮುಖ. ಕೆಳಭಾಗವನ್ನು ಟವೆಲ್ ಮೇಲೆ ಒರಗಿಸಿದರೆ ದಾರಕ್ಕೆ ಸಿಕ್ಕಿ ರೀಡ್ ಬಾಗುವುದು ಬಹಳ ಸುಲಭ. ಈಗಿನಿಂದ ಟವೆಲ್ ಬೇಡ, ನುಣುಪಾದ ಕಾಗದ ಹಾಸಿಕೊಳ್ಳಿ.

ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ. ಕಾಗದದ ಮೇಲೆ ವಾದ್ಯದ ಆಕಾರ ಗೀಚಿ, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಟೇಪ್‌ನಿಂದ ಅಂಟಿಸಿ. ಉದ್ದ ಬೇರೆ ಬೇರೆ ಇರಬಹುದು.

## 6. ತಲೆ ಸವೆದು ಹೋಗಿದ್ದರೆ

ಮೊದಲ ಉಪಾಯ ರಬ್ಬರ್ ಬ್ಯಾಂಡ್. ತಲೆಯ ಮೇಲೆ ಅಗಲದ ರಬ್ಬರ್ ಇಟ್ಟು ಅದರ ಮೇಲೆ ಡ್ರೈವರ್ ಒತ್ತಿ ತಿರುಗಿಸಿ. ಸವೆದ ಜಾಗವನ್ನು ರಬ್ಬರ್ ತುಂಬುತ್ತದೆ. ಸ್ವಲ್ಪ ಸವೆದಿದ್ದರೆ ಇದು ಸಾಕು. ಪೂರ್ತಿ ಬಟ್ಟಲಾಗಿದ್ದರೆ ಇದರಿಂದ ಆಗುವುದಿಲ್ಲ.

ಎರಡನೆಯದು ಹೊಸ ಗೀರು. ಸಣ್ಣ ಅರದಿಂದ ತಲೆಯ ಮೇಲೆ ಅಡ್ಡ ಗೀರು ಮಾಡಿ ಮೈನಸ್ ಡ್ರೈವರ್ ಹಾಕುವುದು. ಆದರೆ ಅದಕ್ಕೆ ಮುಂಚೆ ಸ್ಕ್ರೂ ತಲೆ ಬಿಟ್ಟು ಉಳಿದದ್ದನ್ನೆಲ್ಲ ಮಾಸ್ಕಿಂಗ್ ಟೇಪ್‌ನಿಂದ ಮುಚ್ಚಿ. ರೀಡ್ ಮೇಲೆ ನೇರವಾಗಿ ಟೇಪ್ ಅಂಟಿಸಬೇಡಿ, ಕೀಳುವಾಗ ರೀಡ್ ಎದ್ದು ಬರುತ್ತದೆ. ನಡುವೆ ಒಂದು ಕಾಗದ ಇಡಿ. ಅರದ ಪುಡಿ ರೀಡ್ ಮತ್ತು ಅದರ ಸೀಳಿನ ಸಂದಿಗೆ ಒಂದು ಕಣ ಹೋದರೂ ಸ್ವರ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಟೇಪ್ ಕೀಳುವ ಮುಂಚೆಯೇ ಆಯಸ್ಕಾಂತ ಆಡಿಸಿ. ಪುಡಿ ಕಬ್ಬಿಣದ್ದು, ಎಲ್ಲ ಎದ್ದು ಬರುತ್ತದೆ.

ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ನಿಂದ ಸ್ಕ್ರೂ ಕಾಯಿಸುವ ಉಪಾಯವನ್ನು ಎಲೆಕ್ಟ್ರಾನಿಕ್ಸ್ ರಿಪೇರಿಯವರು ಹೇಳುತ್ತಾರೆ. ಲೋಹಕ್ಕೆ ಲೋಹ ಆದರೆ ಸರಿ. ಪ್ಲಾಸ್ಟಿಕ್ ಕೋಂಬ್ ಕರಗುತ್ತದೆ. ಎಣ್ಣೆ ಬಿಟ್ಟ ಸ್ಕ್ರೂಗೆ ಬಿಸಿ ಮುಟ್ಟಿಸುವುದು ಇನ್ನೂ ಅಪಾಯ. ಫೆವಿಕ್ವಿಕ್ ಹಾಕಿ ಡ್ರೈವರನ್ನೇ ತಲೆಗೆ ಅಂಟಿಸುವವರೂ ಇದ್ದಾರೆ. ಅಂಟು ಇಳಿದು ಸ್ಕ್ರೂವನ್ನು ಪ್ಲೇಟಿಗೆ ಅಂಟಿಸುತ್ತದೆ, ಅಷ್ಟೇ ಲಾಭ.

## 7. ಮುರಿದ ತುಂಡು ಹಿತ್ತಾಳೆಯೊಳಗೆ ಉಳಿದರೆ

ತುಂಡು ಸ್ವಲ್ಪ ಹೊರಗೆ ಕಾಣುತ್ತಿದ್ದರೆ ಎಣ್ಣೆ ಬಿಟ್ಟು ಸಣ್ಣ ಇಕ್ಕಳದಿಂದ ಹಿಡಿದು ತಿರುಗಿಸಿ. ಸಮಕ್ಕೆ ಮುರಿದಿದ್ದರೆ ಡ್ರಿಲ್ ಹಾಕಬೇಕು ಎನ್ನಿಸುತ್ತದೆ. ಬೇಡ. ಕಬ್ಬಿಣಕ್ಕಿಂತ ಹಿತ್ತಾಳೆ ಮೆದು. ಬಿಟ್ ಜಾರಿ ಮೆದು ಕಡೆಗೇ ಹೋಗುತ್ತದೆ, ಥ್ರೆಡ್ ಹಾಳು.

ಗಡಿಯಾರ ರಿಪೇರಿಯವರ ಹಳೆಯ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ: ಪಟಿಕ. ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಪಟಿಕದ ಬಿಸಿ ನೀರು ಕಬ್ಬಿಣವನ್ನು ಮೆಲ್ಲಗೆ ತಿಂದುಹಾಕುತ್ತದೆ, ಹಿತ್ತಾಳೆಯನ್ನು ಬಹುತೇಕ ಮುಟ್ಟುವುದಿಲ್ಲ.

ಮಾಡುವ ಕ್ರಮ ಹೀಗೆ. ಪ್ಲೇಟನ್ನು ಕೋಂಬ್‌ನಿಂದ ಬೇರೆ ಮಾಡಿ. ತಲೆ ಹೋಗಿರುವುದರಿಂದ ಅದು ಸಲೀಸಾಗಿ ಬರುತ್ತದೆ. ಮುರಿದ ಜಾಗದ ಎಣ್ಣೆಯನ್ನು ಸೋಪಿನಿಂದ ತೊಳೆಯಿರಿ, ಎಣ್ಣೆ ಇದ್ದರೆ ನೀರು ಮುಟ್ಟುವುದಿಲ್ಲ. ಗಾಜಿನ ಲೋಟದಲ್ಲಿ ಬಿಸಿ ಶುದ್ಧ ನೀರು ಹಾಕಿ, ಇನ್ನು ಕರಗುವುದಿಲ್ಲ ಎನ್ನುವವರೆಗೆ ಪಟಿಕದ ಪುಡಿ ಕರಗಿಸಿ. ಸ್ಟೀಲ್ ಲೋಟ ಬೇಡ. ಪ್ಲೇಟನ್ನು ನಿಲ್ಲಿಸಿ, ತುಂಡು ಇರುವ ತುದಿ ಮಾತ್ರ ಮುಳುಗುವಂತೆ ಇಡಿ. ತುಂಡು ನಡುವೆ ಇದ್ದರೆ ಪೂರ್ತಿ ಮುಳುಗಿಸದೆ ದಾರಿಯಿಲ್ಲ. ಲೋಟವನ್ನು ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟು ಆಗಾಗ ಬಿಸಿ ಮಾಡುತ್ತಿರಿ. ತುಂಡಿನಿಂದ ಸಣ್ಣ ಗುಳ್ಳೆ ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ. ಗುಳ್ಳೆ ನಿಂತರೆ ನೀರು ಬದಲಿಸಿ. ಒಂದು ದಿನವೋ ಎರಡು ದಿನವೋ ಬೇಕಾಗಬಹುದು. ಕೊನೆಗೆ ಉಳಿಯುವ ಕಪ್ಪು ಮೆತ್ತನೆಯದನ್ನು ಸೂಜಿಯಿಂದ ತೆಗೆದು ಚೆನ್ನಾಗಿ ತೊಳೆಯಿರಿ. ಹಿತ್ತಾಳೆ ಸ್ವಲ್ಪ ಮಂಕಾಗಬಹುದು, ತೊಂದರೆಯಿಲ್ಲ.

ಸ್ಟೀಲ್ ರೀಡ್ ಇರುವ ವಾದ್ಯಕ್ಕೆ ಇದನ್ನು ಮಾಡಲೇಬೇಡಿ. ಸೈಡೆಲ್ ಕಂಪನಿಯ ಕೆಲವು ಮಾಡೆಲ್‌ಗಳಲ್ಲಿ ಸ್ಟೀಲ್ ರೀಡ್ ಇರುತ್ತದೆ. ರೀಡ್ ಹಳದಿ ಇದೆಯೋ ಬೆಳ್ಳಿ ಬಣ್ಣವೋ ಮೊದಲೇ ನೋಡಿ.

## 8. ತುಕ್ಕು ತೆಗೆಯುವುದು

ಸ್ಕ್ರೂ ಮಾತ್ರ ವಿನೆಗರ್‌ಗೆ. ಚಿಕ್ಕ ಬಟ್ಟಲಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ತೆಗೆದು ಬ್ರಷ್‌ನಿಂದ ಉಜ್ಜಿ ನೋಡಿ. ಎರಡು ಮೂರು ಗಂಟೆಗಿಂತ ಜಾಸ್ತಿ ಬೇಡ. ಸ್ಕ್ರೂ ಅಷ್ಟು ಸಣ್ಣದು, ರಾತ್ರಿಯೆಲ್ಲ ಬಿಟ್ಟರೆ ಥ್ರೆಡ್ಡೇ ಸವೆಯುತ್ತದೆ. ಆಮೇಲೆ ಅಡುಗೆ ಸೋಡ ಕಲಸಿದ ನೀರಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ ಬಿಸಿಲಿಗೆ ಇಡಿ. ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ.

ಪ್ಲೇಟಿಗೆ ವಿನೆಗರ್ ಬೇಡ, ಹುಣಸೆಹಣ್ಣೂ ಬೇಡ. ಹಿತ್ತಾಳೆ ಚೊಂಬು ಬೆಳಗುವ ಹಾಗೆ ಇದನ್ನು ಬೆಳಗಿದರೆ ರೀಡ್‌ನ ಮೇಲ್ಮೈ ಸವೆದು ಸ್ವರ ಏರುಪೇರಾಗುತ್ತದೆ. ಉಗುರುಬೆಚ್ಚಗಿನ ಶುದ್ಧ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಅದರಲ್ಲಿ ಅದ್ದಿ ಆಡಿಸಿ. ಬ್ರಷ್ ಬಳಸಲೇಬೇಕಾದರೆ ರೀಡನ್ನು ಪ್ಲೇಟಿಗೆ ಬಿಗಿದಿರುವ ರಿವೆಟ್‌ನ ತುದಿಯಿಂದ ಬಿಡಿ ತುದಿಯ ಕಡೆಗೆ ಮಾತ್ರ. ಅಡ್ಡಕ್ಕೂ ಬೇಡ, ಹಿಂದಕ್ಕೂ ಬೇಡ. ತುಕ್ಕು ಬಿಡಿಸುವ ಎಣ್ಣೆ ಹೋಗುವುದೂ ಈ ತೊಳೆತದಲ್ಲೇ, ಹಾಗಾಗಿ ಎರಡು ಸಲ ಮಾಡಿ. ಮರದ ಕೋಂಬ್‌ಗೆ ನೀರು ಸೋಕಿಸಬೇಡಿ, ಒಣ ಬಟ್ಟೆ ಸಾಕು.

ಸ್ಕ್ರೂ ತೂತಿನೊಳಗಿನ ತುಕ್ಕನ್ನು ಹಲ್ಲುಕಡ್ಡಿಯಿಂದ ತಿರುಗಿಸಿ ತೆಗೆಯಿರಿ.

## 9. ಹಳೆಯದೇ ಹಾಕಬೇಕೇ?

ನನ್ನ ಮಾತು ಕೇಳುವುದಾದರೆ ಬೇಡ. ವಿನೆಗರ್‌ನಲ್ಲಿ ತುಕ್ಕಿನ ಜೊತೆ ಸ್ಕ್ರೂ ಮೇಲಿನ ಲೇಪವೂ ಹೋಗಿರುತ್ತದೆ. ಮುಂದಿನ ಸಲ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಹೊಸದು ಸಿಗುವವರೆಗೆ ಹಳೆಯದನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳಿ.

ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹುಡುಕಿ. ಅಂಗಡಿಗೆ ಆಯಸ್ಕಾಂತ ತೆಗೆದುಕೊಂಡು ಹೋಗಿ. ಗಟ್ಟಿಯಾಗಿ ಅಂಟಿಕೊಂಡರೆ ಸಾದಾ ಕಬ್ಬಿಣ ಇರಬಹುದು. ಸಾಮಾನ್ಯ ದರ್ಜೆಯ ಸ್ಟೇನ್‌ಲೆಸ್ ಅಷ್ಟಾಗಿ ಅಂಟುವುದಿಲ್ಲ. ಹಳೆಯ ಸ್ಕ್ರೂ ಜೊತೆಗಿರಲಿ. ಎಂ2 (2 ಮಿ.ಮೀ. ದಪ್ಪದ) ಸ್ಕ್ರೂಗೆ ಥ್ರೆಡ್‌ಗಳ ಅಂತರ 0.4 ಮಿ.ಮೀ., ಎಂ1.6 (1.6 ಮಿ.ಮೀ. ದಪ್ಪದ) ಸ್ಕ್ರೂಗೆ 0.35 ಮಿ.ಮೀ. ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಒತ್ತಿ ಬೆಳಕಿಗೆ ಹಿಡಿಯಿರಿ. ಹಲ್ಲುಗಳು ಒಂದರೊಳಗೊಂದು ಪೂರ್ತಿ ಕೂರಬೇಕು. ಉದ್ದವೂ ಅಷ್ಟೇ ಇರಬೇಕು. ಜಾಸ್ತಿ ಉದ್ದವಾದರೆ ತುದಿ ಹೊರಗೆ ಬಂದು ತುಟಿಗೆ ತಾಗುತ್ತದೆ.

ಕನ್ನಡಕದ ಅಂಗಡಿ, ವಾಚ್ ಅಂಗಡಿಯಲ್ಲಿ ಕೇಳಿ ನೋಡಬಹುದು, ಆದರೆ ಅಲ್ಲಿನವು ಹೆಚ್ಚಾಗಿ ತೀರಾ ಸಣ್ಣ. ಬೆಂಗಳೂರಿಗೆ ಹೋಗುವ ಕೆಲಸವಿದ್ದರೆ ಎಸ್‌ಪಿ ರೋಡ್ ಸುತ್ತ ಹುಡುಕಿ. ದೊಡ್ಡ ಬ್ರ್ಯಾಂಡ್ ಆದರೆ ಆಯಾ ಮಾಡೆಲ್‌ಗೆ ಸ್ಕ್ರೂ ಸೆಟ್ಟನ್ನೇ ತರಿಸುವುದು ನೆಮ್ಮದಿ.

## 10. ಮತ್ತೆ ಜೋಡಿಸುವುದು

ಎಲ್ಲ ಪೂರ್ತಿ ಒಣಗಿರಬೇಕು. ಸ್ಕ್ರೂ ಥ್ರೆಡ್‌ಗೆ ಲಿಕ್ವಿಡ್ ಪ್ಯಾರಾಫಿನ್ ಸವರಿ, ಬಟ್ಟೆಯಿಂದ ಒರೆಸಿ. ಒರೆಸಿದ ಮೇಲೆ ಉಳಿಯುವಷ್ಟೇ ಸಾಕು. ಮಲಬದ್ಧತೆಗೆ ಕುಡಿಯಲು ಕೊಡುವ ಔಷಧ ಅದು, ಬಾಯಿ ಹತ್ತಿರ ಇದ್ದರೂ ಭಯವಿಲ್ಲ.

ಹೊಸ ಸ್ಕ್ರೂ ಇಟ್ಟು ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್ ಸರಿಯಾಗಿ ಕೂತ ಜಾಗದಲ್ಲಿ ಸಣ್ಣಗೆ ಒಂದು ಇಳಿತ ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಬಲಕ್ಕೆ. ಬೆರಳ ತುದಿಯ ಶಕ್ತಿಗೇ ಸಲೀಸಾಗಿ ಇಳಿಯಬೇಕು. ಬಿಗಿ ಎನ್ನಿಸಿದರೆ ನಿಲ್ಲಿಸಿ, ಅಳತೆ ತಪ್ಪಿರುತ್ತದೆ. ಜಗ್ಗಿದರೆ ಹಿತ್ತಾಳೆಯ ಥ್ರೆಡ್ ಹೋಗುತ್ತದೆ.

ಪ್ಲೇಟಿಗೆ ಹಲವು ಸ್ಕ್ರೂ ಇದ್ದರೆ ಎಲ್ಲವನ್ನೂ ಸಡಿಲವಾಗಿ ಕೂರಿಸಿಕೊಳ್ಳಿ. ನಡುವಿನದರಿಂದ ಶುರು ಮಾಡಿ, ಎಡಕ್ಕೊಂದು ಬಲಕ್ಕೊಂದು ಎಂದು ತುದಿಗಳ ಕಡೆ ಹೋಗಿ. ಎರಡು ಸುತ್ತಿನಲ್ಲಿ ಬಿಗಿ ಮಾಡಿ. ತುದಿಗಳನ್ನು ಮೊದಲು ಬಿಗಿದರೆ ನಡುವೆ ಪ್ಲೇಟ್ ಉಬ್ಬಿ ಗಾಳಿ ಸೋರುತ್ತದೆ. ಮರದ ಕೋಂಬ್‌ನ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿಯ ಸೀಳೊಂದನ್ನು ಒಳಗಿಟ್ಟು ಸ್ಕ್ರೂ ಹಾಕಿ.

## 11. ನುಡಿಸಿ ನೋಡುವುದು

ಒಂದೊಂದೇ ತೂತು, ಮೆಲ್ಲಗೆ ಊದಿ, ಮೆಲ್ಲಗೆ ಎಳೆಯಿರಿ. ಹತ್ತು ತೂತಿಗೆ ಇಪ್ಪತ್ತು ಸ್ವರ. ಒಂದು ಸ್ವರ ಮಾತ್ರ ಹೊರಡದಿದ್ದರೆ ಅಲ್ಲಿ ಕಸ ಇದೆ. 'ಜುಂಯ್' ಎಂದು ಗುಂಯ್‌ಗುಟ್ಟಿದರೆ ರೀಡ್ ಅಂಚು ತಾಗುತ್ತಿದೆ. ಎಲ್ಲ ಸ್ವರಗಳೂ ಸುಸ್ತಾದಂತೆ ಕೇಳಿಸಿದರೆ ಪ್ಲೇಟ್ ಸಡಿಲ. ಜೋಡಿಸುವಾಗ ಪ್ಲೇಟ್ ಅದಲುಬದಲಾಗಿದ್ದರೆ ಊದುವುದು ಎಳೆಯುವುದು ತಿರುಗುಮುರುಗಾಗುತ್ತದೆ, ಫೋಟೊ ನೋಡಿ.

ಟ್ರೆಮೊಲೊದಲ್ಲಿ ಪ್ರತಿ ಸ್ವರಕ್ಕೂ ಎರಡು ರೀಡ್, ಸ್ವಲ್ಪ ವ್ಯತ್ಯಾಸದ ಶ್ರುತಿ. ಅದರಿಂದಲೇ ಆ ಅಲೆ ಅಲೆಯ ದನಿ. ಒಂದು ಸ್ವರದಲ್ಲಿ ಅಲೆ ಇಲ್ಲದೆ ಸಪ್ಪೆಯಾಗಿ ಬಂದರೆ ಜೋಡಿಯಲ್ಲಿ ಒಂದು ರೀಡ್ ನಿಂತಿದೆ ಎಂದು ತಿಳಿಯಿರಿ.

## 12. ಮತ್ತೆ ತುಕ್ಕು ಬಾರದಂತೆ

ನುಡಿಸುವ ಮುಂಚೆ ಬಾಯಿ ಮುಕ್ಕಳಿಸಿ. ಮುಗಿದ ಮೇಲೆ ತೂತು ಕೆಳಗೆ ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ. ಅರ್ಧ ಗಂಟೆ ಹೊರಗೆ ಬಿಟ್ಟು ಆಮೇಲೆ ಡಬ್ಬಿಗೆ. ಬಿಸಿಲಿಗೆ ನೇರ ಇಡಬೇಡಿ, ಮರ ಸೀಳುತ್ತದೆ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೆ ಡಬ್ಬಿಯಲ್ಲಿ ಇಡಿ.

ನಂದಿ ಬೆಟ್ಟಕ್ಕೆ ಬೆಳಗಿನ ಮಂಜಿನಲ್ಲಿ ವಾದ್ಯ ಒಯ್ಯುವವರಿಗೆ ಒಂದು ಮಾತು. ತಣ್ಣಗಿನ ಲೋಹಕ್ಕೆ ಬಿಸಿ ಉಸಿರು ತಾಗಿದರೆ ಒಳಗೆಲ್ಲ ನೀರು ಕೂರುತ್ತದೆ. ನುಡಿಸುವ ಮುಂಚೆ ಸ್ವಲ್ಪ ಹೊತ್ತು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿಕೊಳ್ಳಿ. ಬೆಟ್ಟ ಇಳಿದು ಮನೆಗೆ ಬಂದ ಮೇಲೆ ಡಬ್ಬಿ ತೆರೆದಿಡಿ.

ಸ್ಕ್ರೂ ತಲೆಗಳನ್ನು ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕಂದು ಹತ್ತಿದ ದಿನವೇ ಬಿಚ್ಚಿ ಬದಲಿಸಿದರೆ ಆರು ಮತ್ತು ಏಳನೇ ಹಂತ ನಿಮಗೆ ಬೇಕಾಗುವುದಿಲ್ಲ.